ಏಳನೆಯ ತಿಂಗಳ ಸ್ವೆಟರ್

ಸ್ವೆಟರನ್ನು ನಮ್ಮ ಕಡೆ ಎಲ್ಲರೂ ಕೆಳಗಿನಿಂದ ಮೇಲಕ್ಕೆ ಹೆಣೆಯುತ್ತಾರೆ. ಸೊಂಟದಲ್ಲಿ ಶುರುಮಾಡಿ, ಬೆನ್ನು ಬೇರೆ, ಎದೆ ಬೇರೆ, ತೋಳು ಬೇರೆ ಮಾಡಿ ಕಡೆಗೆ ಹೊಲಿಯುತ್ತಾರೆ. ನಾನು ಕೊರಳಿನಿಂದ ಕೆಳಕ್ಕೆ ಹೆಣೆಯುತ್ತೇನೆ. ಹೊಲಿಗೆಯ ಕೆಲಸವೇ ಇಲ್ಲ. ಕೊರಳಿಗೆ ಬೇಕಾದಷ್ಟು ಕುಣಿಕೆಯನ್ನು ಸೂಜಿಗೆ ಹಾಕಿಕೊಂಡು, ಹೆಗಲ ಹತ್ತಿರ ಅವನ್ನು ಹೆಚ್ಚಿಸಿಕೊಂಡು, ಸುತ್ತು ಸುತ್ತಾಗಿ ಇಳಿಯುತ್ತಾ ಹೋಗುವುದು.

ಇದನ್ನು ಕಲಿಸಿದವಳು ಮುಂಡಗೋಡದ ಟಿಬೆಟ್ ಕ್ಯಾಂಪಿನ ಒಬ್ಬ ಮುದುಕಿ. ನನ್ನ ತವರು ಮಳಗಿ. ಮದುವೆಗೆ ಮೊದಲು ಗೋವಿನಜೋಳದ ಕಳೆ ತೆಗೆಯಲು ನಮ್ಮನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಕ್ಯಾಂಪಿಗೆ ಒಯ್ಯುತ್ತಿದ್ದರು. ಅವಳಿಗೆ ಕನ್ನಡ ಬಾರದು, ನನಗೆ ಅವಳದು ಬಾರದು. ಊಟದ ಹೊತ್ತಿನಲ್ಲಿ ಅವಳ ಪಕ್ಕ ಕೂತು ನೋಡುತ್ತಿದ್ದೆ. ತಪ್ಪಿದರೆ ಸೂಜಿಯಿಂದ ಬೆರಳ ಗಂಟಿಗೆ ಹೊಡೆಯುತ್ತಿದ್ದಳು. ಹಾಗೆ ಕಲಿತದ್ದು ಮರೆಯುವುದಿಲ್ಲ.

ಮದುವೆಯಾಗಿ ದಾಂಡೇಲಿಗೆ ಬಂದೆ. ಗಂಡ ಕಾಗದದ ಮಿಲ್ಲಿನಲ್ಲಿ ಕೂಲಿ. ಒಂದು ಖೋಲಿ, ಒಂದು ಅಡುಗೆಮನೆ. ಅದರಲ್ಲಿ ಅತ್ತೆ, ನಾದಿನಿ, ನಾವಿಬ್ಬರು. ಕಿಟಕಿ ತೆರೆದರೆ ಮಿಲ್ಲಿನ ಕೊಳೆತ ವಾಸನೆ, ಮುಚ್ಚಿದರೆ ಒಲೆಯ ಹೊಗೆ. ನಳಕ್ಕೆ ಹೋಗುವುದು, ಬರುವುದು, ಅಷ್ಟೇ ನನ್ನ ತಿರುಗಾಟ. ಗಂಡ ಒಳ್ಳೆಯವನು. ಅಂದರೆ, ಮಾತಾಡುತ್ತಿರಲಿಲ್ಲ.

ಎಪ್ಪತ್ತೇಳೋ ಎಪ್ಪತ್ತೆಂಟೋ ಇರಬೇಕು, ನಾನು ಮೊದಲ ಸಲ ಬಸುರಿ. ಚೊಚ್ಚಲು ತವರಿನಲ್ಲೇ ಆಗಬೇಕು. ಕರೆದೊಯ್ಯುವುದು ಏಳರಲ್ಲಿ, ಇಲ್ಲವೇ ಒಂಬತ್ತರಲ್ಲಿ. ಎಂಟನೆಯ ತಿಂಗಳಲ್ಲಿ ಬಸುರಿ ಊರ ಸೀಮೆ ದಾಟಬಾರದು. ನನ್ನ ಲೆಕ್ಕ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಆಗತಾನೆ ಆರು ಹಿಡಿದಿತ್ತು, ಇನ್ನೆರಡು ಅಮಾವಾಸ್ಯೆ ಬಂದರೆ ಎಂಟು ಬೀಳುತ್ತಿತ್ತು. ಒಂಬತ್ತರಲ್ಲಿ ನಾದಿನಿಯ ನಿಶ್ಚಯ ಇಟ್ಟುಕೊಂಡಿದ್ದರು, ಆಗ ಸೊಸೆಯನ್ನು ಬಿಡುವ ಮಾತೇ ಇಲ್ಲ. ಹೋಗುವುದಾದರೆ ಏಳರಲ್ಲೇ ಹೋಗಬೇಕು.

ಅತ್ತೆಗೆ ನಿಶ್ಚಯದ ದಿನ ಅಳಿಯನಿಗೆ ಸ್ವೆಟರ್ ಕೊಡಬೇಕೆಂದು ತಲೆಗೆ ಹೊಕ್ಕಿತ್ತು. ಹುಡುಗ ರಾಮನಗರದವನು, ಕಟ್ಟಿಗೆ ಡಿಪೋದಲ್ಲಿ ಕಾರಕೂನ.

"ಕಂಬಳಿ ಮಾಡಬ್ಯಾಡ. ಹಗೂರ ಇರಬೇಕು. ಎದಿ ಮ್ಯಾಲೆ ಜಡಿ ಇಳೀಬೇಕು. ಅದನ್ನ ಮುಗಸು, ಆಮ್ಯಾಲೆ ನಿಮ್ಮವ್ವನ ಮನಿಗೆ ಹೋಗು" ಎಂದಳು.

"ಅವರ ಅಳತಿ ಎಷ್ಟ್ರಿ?"

ಅಳತೆ ಯಾರಿಗೂ ಗೊತ್ತಿರಲಿಲ್ಲ. ಹುಡುಗ ಹೆಣ್ಣು ನೋಡಲು ಬಂದವನು ಕುರ್ಚಿಯಲ್ಲಿ ಕೂತಿದ್ದ. ಅವನು ಎದ್ದು ಹೋಗುವಾಗ ನಾವು ಹೆಂಗಸರು ಒಳಗಿದ್ದೆವು, ಗಂಡ ಶಿಫ್ಟಿಗೆ ಹೋಗಿದ್ದ. ಕೂತಾಗ ನೋಡಿದ್ದೆವು, ನಿಂತಾಗ ಯಾರೂ ನೋಡಿರಲಿಲ್ಲ. ನಿಶ್ಚಯಕ್ಕೆ ಮೊದಲು ಕೇಳಿ ಕಳಿಸಿದರೆ ನಮ್ಮ ಮಾನ ಹೋಗುತ್ತದಂತೆ. ಕೂತಾಗ ಎತ್ತರ ಕಂಡ ಎಂದು ಅತ್ತೆ ಅವನನ್ನು ಆರಡಿ ಮಾಡಿಬಿಟ್ಟಿದ್ದಳು. ಆಮೇಲೆ ನೋಡಿದರೆ ಆಳು ನನ್ನ ಕಿವಿಗೆ ಬರುತ್ತಿದ್ದ. ಇರಲಿ.

"ಮ್ಯಾಲಿಂದ ಹೆಣದ್ರ ಉದ್ದ ಕಡೀಕ ನೋಡಬಹುದ್ರಿ ಅತ್ತಿ. ಎಷ್ಟ ಬೇಕಾದ್ರೂ ಇಳಸಬಹುದು" ಎಂದೆ. ಜಾಣತನ ತೋರಿಸಲು ಹೋದೆ. ಆ ಮಾತು ಆಡಬಾರದಿತ್ತು. ಕೆಳಗಿನಿಂದ ಹೆಣೆದ ಸ್ವೆಟರಿಗೆ ಕೊರಳು ಬಂತೆಂದರೆ ಮುಗಿಯಿತು, ಮುಂದೆ ಹೆಣೆಯಲು ಏನೂ ಇರುವುದಿಲ್ಲ. ಮೇಲಿನಿಂದ ಹೆಣೆದದ್ದಕ್ಕೆ ಅಂಥ ಕೊನೆ ಇಲ್ಲ. ಯಾರಾದರೂ ಸಾಕು ಅನ್ನಬೇಕು.

ಉಣ್ಣೆ ತೆಳುವು. ಸುತ್ತಿಗೆ ಇನ್ನೂರರ ಮೇಲೆ ಕುಣಿಕೆ. ಎದೆಯ ಮೇಲೆ ಕೂದಲ ಜಡೆಯಂತೆ ಇಳಿಯುವ ಪಟ್ಟಿಗಳಿಗಾಗಿ ಆರು ಸುತ್ತಿಗೊಮ್ಮೆ ಜಡೆ ಹೊರಳಿಸಬೇಕು: ನಾಲ್ಕು ಕುಣಿಕೆಯನ್ನು ಸೈಕಲ್ ಕಡ್ಡಿಯ ತುಂಡಿಗೆ ಏರಿಸಿ ಮುಂದೆ ಬಿಟ್ಟುಕೊಂಡು, ಪಕ್ಕದ ನಾಲ್ಕನ್ನು ಮೊದಲು ಹೆಣೆದು, ಆಮೇಲೆ ಇವನ್ನು ಹೆಣೆಯುವುದು. ಒಂದು ಬೆರಳಗಲ ಇಳಿಯಲು ಒಂದು ದಿನ. ಹೊಟ್ಟೆಯ ಮೇಲೆ ಸ್ವೆಟರ್, ಸ್ವೆಟರಿನ ಕೆಳಗೆ ಒದೆಯುವ ಕೂಸು. ಸೆಕೆಗೆ ಬೆರಳು ಅಂಟುತ್ತಿತ್ತು.

ಶಿಫ್ಟ್ ಮುಗಿಸಿ ಬಂದ ಗಂಡನಿಗೆ ತೊಡಿಸಿ ನೋಡುವುದು. ಅವನು ಹೊಲದ ಬೆರ್ಚಪ್ಪನ ಹಾಗೆ ಕೈ ಚಾಚಿ ನಿಂತಲ್ಲೇ ತೂಕಡಿಸುತ್ತಿದ್ದ. ಅತ್ತೆ ಬೆರಳು ಇಟ್ಟು ಅಳೆಯುವಳು.

"ಇವನಿಗಿಂತ ಹುಡುಗ ಎತ್ತರ ಅದಾನ. ಇನ್ನ ನಾಕ ಬಟ್ಟು ಇಳಸು."

ನಾಲ್ಕು ಇಳಿಸಿದೆ. ಮತ್ತೆ ಮೂರು ಅಂದಳು. ಅಷ್ಟರಲ್ಲಿ ಮಳಗಿಯಿಂದ ಅಣ್ಣ ಕರೆಯಲು ಬಂದ. ಸ್ವೆಟರನ್ನು ಎತ್ತಿ ಹಿಡಿದು ನೋಡಿದ.

"ಏನ ತಂಗಿ, ಅಂಗಿ ಮಾಡಾಕ ಹತ್ತೀಯೋ, ಗೋಣಿಚೀಲ ಮಾಡಾಕ ಹತ್ತೀಯೋ?"

"ನಗಬ್ಯಾಡಪ್ಪ. ನಿನ್ನ ತಂಗಿ ಕೈ ಭಾಳ ನಿಧಾನ. ಅಮಾಸಿ ಹಿಂದಿನ ದಿನ ಬಾ, ಕಳಸ್ತೇನಿ" ಎಂದಳು ಅತ್ತೆ.

ಅವನು ಚಹಾ ಕುಡಿದು ಹೋದ. ಮಳಗಿಗೆ ಮೂರು ಬಸ್ಸು ಹಿಡಿಯಬೇಕು. ಬಂದಷ್ಟೇ ಹಾದಿ ಹಿಂದಕ್ಕೆ ಹೋಗಬೇಕಿತ್ತು.

ಅಮಾವಾಸ್ಯೆಯ ಹಿಂದಿನ ದಿನ ಅತ್ತೆ ನಳಕ್ಕೆ ಹೋದಾಗ ನಾನೇ ಸಾಕು ಅಂದುಕೊಂಡು ಕುಣಿಕೆಗಳನ್ನು ಮುಚ್ಚಿದೆ. ದಾರ ಕತ್ತರಿಸಿ ಗಂಟು ಹಾಕಿದೆ. ಟ್ರಂಕಿನಲ್ಲಿ ಎರಡು ಸೀರೆ ಇಟ್ಟೆ. ಅಣ್ಣ ಬಂದು ಕಟ್ಟೆಯ ಮೇಲೆ ಕೂತ. ಹಳಿಯಾಳದ ಬಸ್ಸು ಮಧ್ಯಾಹ್ನ ಒಂದಕ್ಕೆ.

ಅತ್ತೆ ಕೊಡ ಇಳಿಸಿದಳು, ಸ್ವೆಟರನ್ನು ಮಂಚದ ಮೇಲೆ ಹಾಸಿ ಗೇಣು ಹಾಕಿದಳು.

"ಎರಡ ಬಟ್ಟು ಕಮ್ಮಿ ಬಿತ್ತು."

"ಸಾಕ್ರಿ ಅತ್ತಿ. ಮುಚ್ಚೇನಿ."

"ಮುಚ್ಚಿದ್ದ ತಗ್ಯಾಕ ಬರಂಗಿಲ್ಲನ? ಮಂದಿ ಮುಂದ ನನ್ನ ಅಳಿಯಾ ಹೊಕ್ಕಳ ತೋರಿಸಿಕೊಂಡು ನಿಂದರಬೇಕನ?"

"ನಾಳಿಗೆ ಎಂಟು ಬೀಳತೈತ್ರಿ."

"ನನಗ ಗೊತ್ತಿಲ್ಲನ? ಮೂರ ಹಡದೀನಿ."

ಗಂಟು ಹುಡುಕಿ ಹಲ್ಲಿನಿಂದ ಬಿಚ್ಚಿ ಎಳೆದಳು. ಅವಳಿಗೆ ಹೆಣಿಗೆ ಗೊತ್ತಿಲ್ಲ. ಒಂದು ತುದಿ ಬಿಚ್ಚಿದರೆ ಅಷ್ಟೇ ಬಿಚ್ಚುತ್ತದೆ ಎಂದುಕೊಂಡಿದ್ದಳು. ಸರ್ರನೆ ಸುತ್ತೆಲ್ಲ ಬಿಚ್ಚಿತು. ಅಂಚಿನ ಕುಣಿಕೆಗಳೆಲ್ಲ ಬಾಯಿ ತೆರೆದುಕೊಂಡು ನಿಂತವು. ಒಂದೆರಡು ಆಗಲೇ ಹಿಂದಿನ ಸಾಲಿಗೆ ಜಾರುತ್ತಿದ್ದವು.

"ಇದೇನಿದು, ಇಷ್ಟ್ಯಾಕ ಬಂತು!" ಎಂದು ಅವಳೇ ಹೆದರಿ ಕೈಬಿಟ್ಟಳು.

ನಾನು ನೆಲಕ್ಕೆ ಕೂತು ಸೂಜಿಗೆ ಕುಣಿಕೆ ಏರಿಸತೊಡಗಿದೆ. ತಡಮಾಡಿದರೆ ಜಡೆಯೊಳಕ್ಕೆ ಜಾರುತ್ತವೆ. ಅಲ್ಲಿ ಒಂದರ ಮೇಲೊಂದು ಹೊರಳಿರುವುದರಿಂದ ಬಿಚ್ಚಿದರೆ ಯಾವುದು ಎಲ್ಲಿಯದು ತಿಳಿಯುವುದಿಲ್ಲ.

"ಏಳ ತಂಗಿ. ಬಸ್ ಹೋಗತೈತಿ."

"ಈ ಜಡಿ ಒಂದ ಹಿಡೀತೇನಿ, ತಡಿ."

"ಹರಕೊಂಡ ಹೋಗಲಿ ಬಿಡ. ಉಣ್ಣಿ ಐತಿ ಅದು, ಮನಶ್ಯಾ ಅಲ್ಲ."

"ಇನ್ನೊಂದ ಐತಿ ಅಣ್ಣಾ."

ಅತ್ತೆಯ ಮೇಲೆ ಎಲ್ಲ ಹೊರಿಸಿ ಬರೆಯಬಹುದು. ಆದರೆ ಆ ಹೊತ್ತಿನಲ್ಲಿ ಅವಳು ಬಾಗಿಲಿಗೆ ಅಡ್ಡ ನಿಂತಿರಲಿಲ್ಲ, ಒಲೆಯ ಹತ್ತಿರ ಸುಮ್ಮನೆ ಕೂತಿದ್ದಳು. "ಹೋಗು" ಅಂತಲೂ ಒಮ್ಮೆ ಅಂದಳು, ಸಣ್ಣ ದನಿಯಲ್ಲಿ. ಟ್ರಂಕು ಅಣ್ಣನ ಕೈಯಲ್ಲಿತ್ತು. ಏಳಬೇಕಾದವಳು ನಾನು. ಎರಡು ತಿಂಗಳು ಹೆಣೆದದ್ದು ಜಾರುತ್ತಿದ್ದರೆ ನನ್ನ ಕೈ ಅದನ್ನು ಬಿಡಲಿಲ್ಲ. ಆ ಸ್ವೆಟರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಆದರೂ ಬಿಡಲಿಲ್ಲ.

ಮೂವತ್ತು ಕುಣಿಕೆ ಉಳಿದಿದ್ದಾಗ ಅಣ್ಣ ಟ್ರಂಕನ್ನು ಗೋಡೆಗೆ ಇಟ್ಟು, ಅವ್ವ ಕೊಟ್ಟ ಬುತ್ತಿಯನ್ನು ಅದರ ಮೇಲಿಟ್ಟ. "ನಾ ಹೋಗಿ ಏನ ಹೇಳಲಿ?" ಎಂದ. ನಾನು ತಲೆ ಎತ್ತಲಿಲ್ಲ, ಎಣಿಕೆ ತಪ್ಪುತ್ತಿತ್ತು.

ಮಗಳು ದಾಂಡೇಲಿಯ ಆ ಅಡುಗೆಮನೆಯಲ್ಲೇ ಹುಟ್ಟಿದಳು. ಅತ್ತೆಯೇ ಬಾಣಂತನ ಮಾಡಿದಳು, ಕೆಟ್ಟದಾಗಿ ಏನೂ ಮಾಡಲಿಲ್ಲ. ಅವ್ವ ಬಂದದ್ದು ತೊಟ್ಟಿಲಿಗೆ ಹಾಕುವ ದಿನ.

"ಏಳರಾಗ ಯಾಕ ಬರಲಿಲ್ಲ? ಅಣ್ಣ ಬಂದಿದ್ನಲ್ಲ?" ಎಂದು ಕೇಳಿದಳು.

"ಕುಣಿಕಿ ಬಿಚ್ಚಿದ್ದುವವ್ವಾ" ಎಂದೆ.

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕೂಸಿನ ನೆತ್ತಿಗೆ ಎಣ್ಣೆ ತಟ್ಟತೊಡಗಿದಳು.