ಓನರಮ್ಮನ ಇಟಲಿ ಕಾರು

ಮೊನ್ನೆ ಕೋಲಾರದಲ್ಲಿ, ಬಿಸಿಲಿಗೆ ನಿಂತಿದ್ದ ಆಟೋ ಒಂದನ್ನು ಹತ್ತಿದೆ. ಕಾದ ರೆಕ್ಸಿನ್ ಸೀಟಿನ ವಾಸನೆ, ಅದರ ಜೊತೆ ಪೆಟ್ರೋಲಿನ ಘಾಟು. ಎಲ್ಲಿಗೆ ಹೋಗಬೇಕೆಂದು ಡ್ರೈವರ್ ಎರಡು ಸಲ ಕೇಳಬೇಕಾಯಿತು. ನಾನು ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಗೆ ಹೋಗಿ, ನಮ್ಮ ಓನರಮ್ಮನ ಪಕ್ಕದಲ್ಲಿ ಕೂತುಬಿಟ್ಟಿದ್ದೆ…

ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರ್. ಅವರ ಮನೆಯ ಹಿಂಭಾಗದ ಎರಡು ರೂಮಿನಲ್ಲಿ ಬಾಡಿಗೆಗಿದ್ದೆ. ಅವರ ಯಜಮಾನರು ತೀರಿಕೊಂಡು ವರ್ಷವಾಗಿರಲಿಲ್ಲ. ಯಜಮಾನರ ಬೂದು ಬಣ್ಣದ ಪುಟ್ಟ ಕಾರು ಹಳೇ ಜಮಖಾನ ಹೊದ್ದು ಶೆಡ್ಡಿನಲ್ಲಿ ನಿಂತಿತ್ತು. ಇಟಲಿಯವರು ಮಾಡಿದ್ದೆಂದು ಬೀದಿಯವರೆಲ್ಲ ಅದನ್ನು ಇಟಲಿ ಕಾರು ಎನ್ನುತ್ತಿದ್ದರು. ಮೈದುನ ಬಂದಾಗಲೆಲ್ಲ ಮಾರಿಬಿಡಿ ಅತ್ತಿಗೆ ಎನ್ನುವುದು, ಇವರು ಕಾಫಿ ಕೊಟ್ಟು ಕಳಿಸುವುದು ನಡೆದೇ ಇತ್ತು. ಆಮೇಲೆ ಒಂದು ದಿನ, ಐವತ್ತು ದಾಟಿದ ಆ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೀರಿಂಗ್ ಹಿಡಿದು ಕೂತರು. ಬೀದಿಯ ಕೊನೆಯಲ್ಲಿದ್ದ ರಿಟೈರಾದ ಬಸ್ ಡ್ರೈವರೊಬ್ಬರು ಸುಗಟೂರಿನ ದಾರಿಯಲ್ಲಿ ಅವರಿಗೆ ಕಾರು ಕಲಿಸಿದರು.

ಕಾರಿನ ಸುಖವೂ ಅಷ್ಟಿಷ್ಟಲ್ಲ, ಕಾಟವೂ ಅಷ್ಟಿಷ್ಟಲ್ಲ. ಗೇರು ಸ್ಟೀರಿಂಗಿನ ಪಕ್ಕದಲ್ಲೇ ಇತ್ತು. ಬೆಣ್ಣೆಯ ಹಾಗೆ ಬೀಳುತ್ತದೆ ನೋಡು ಎಂದು ಹಿಗ್ಗುತ್ತಿದ್ದರು. ಮುಂದಿನ ಬಾಗಿಲು ಬೇರೆ ಕಾರುಗಳ ಹಾಗಲ್ಲದೆ ಹಿಂದಕ್ಕೆ ತೆರೆದುಕೊಳ್ಳುತ್ತಿತ್ತು. ಸೀರೆ ಉಟ್ಟವರು ಹಾಯಾಗಿ ಹತ್ತಬಹುದು. ಆದರೆ ಚಿಲಕ ಸಡಿಲ, ಗಾಳಿಗೆ ಎಲ್ಲಿ ತೆರೆದುಕೊಳ್ಳುತ್ತದೋ ಎಂದು ದಾರಿಯುದ್ದಕ್ಕೂ ನಾನು ಅದನ್ನು ಹಿಡಿದೇ ಕೂತಿರಬೇಕು. ಬಿಸಿಲು ಹೆಚ್ಚಾದರಂತೂ ಪೆಟ್ರೋಲು ಇಂಜಿನ್ನಿಗೆ ಹೋಗುವ ಮೊದಲೇ ಆವಿಯಾಗಿ ಕಾರು ನಿಂತುಬಿಡುತ್ತಿತ್ತು. ಅದಕ್ಕೆ ಒದ್ದೆ ಬಟ್ಟೆಯೇ ಮದ್ದು. ಜ್ವರ ಬಂದ ಮಗುವಿನ ಹಣೆಗೆ ಪಟ್ಟಿ ಹಾಕುವ ಹಾಗೆ ಅದನ್ನು ಇಂಜಿನ್ನಿನ ಪೆಟ್ರೋಲು ಕೊಳವೆಗೆ ಸುತ್ತುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಬೈರಕೂರಿನಲ್ಲಿದ್ದಳು. ಅಪ್ಪ ಸಾಯುವವರೆಗೂ ಅವಳ ಮುಖ ನೋಡಿರಲಿಲ್ಲ, ಅಮ್ಮನನ್ನೂ ಹೋಗಗೊಟ್ಟಿರಲಿಲ್ಲ. ಬೇಸಿಗೆ ರಜೆಯಲ್ಲಿ ಓನರಮ್ಮ, ಬೈರಕೂರಿಗೆ ಹೋಗೋಣ, ಜೊತೆಗೆ ಬಾ ಎಂದರು. ಇಷ್ಟು ದೂರ ಈ ಕಾರನ್ನು ನಂಬಿಕೊಂಡು ಹೋಗುವ ಬದಲು ಬಸ್ಸಿನಲ್ಲಿ ಹೋಗಬಹುದಲ್ಲ ಎಂದೆ.

"ಅವಳು ನನ್ನ ಕಾರ್ ಹತ್ತಕೂಡದು ಅಂತ ಅಂದಿದ್ರು ನಮ್ಮ ಯಜಮಾನ್ರು. ಅದೇ ಕಾರಲ್ಲಿ ಅವಳನ್ನ ಕೂರಿಸ್ಬೇಕು ಕಣಮ್ಮ" ಎಂದರು.

ಮುಳಬಾಗಿಲು ದಾಟುತ್ತಿದ್ದಂತೆ ಕಾರು ನಿಂತಿತು. ಕುಡಿಯಲು ತಂದಿದ್ದ ನೀರೆಲ್ಲ ಅದರ ಇಂಜಿನ್ನಿಗೇ ಆಯಿತು. ಹುಣಸೆ ಮರದ ಕೆಳಗೆ ಕಾಯುತ್ತಾ ಕೂತೆವು. ಮಗಳು ಬಾಗಿಲು ಹಾಕಿಕೊಂಡರೆ ಏನು ಮಾಡಲಿ ಎಂದು ಒಮ್ಮೆ ಮಾತ್ರ ಕೇಳಿದರು. ನಾನು ಎದ್ದು ಹೋಗಿ, ಇಂಜಿನ್ ಆರಿತೇ ಎಂದು ಮುಟ್ಟಿ ನೋಡಿದೆ…

ಬೈರಕೂರಿನಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಾರಿನ ಸದ್ದಿಗೆ ಮಗಳೇ ಹೊರಗೆ ಬಂದಳು, ಕಂಕುಳಲ್ಲಿ ಕೂಸು. ಡ್ರೈವರ್ ಸೀಟಿನಲ್ಲಿದ್ದ ಅಮ್ಮನನ್ನು ಕಂಡು ಹಾಗೇ ನಿಂತಳು. ಅವಳ ಅತ್ತೆ ಹಿಂದಿನಿಂದ "ಲೋಪಲಿಕಿ ರಂಡಮ್ಮಾ" ಎಂದು ತೆಲುಗಿನಲ್ಲಿ ನಮ್ಮನ್ನು ಒಳಗೆ ಕರೆದರು. ಓನರಮ್ಮ ಇಳಿದು ಬಂದು, ನಾನು ಇಳಿದ ಕಡೆಯ ಬಾಗಿಲು ತೆಗೆದು ಹಿಡಿದರು.

"ಅಪ್ಪನ ಕಾರಮ್ಮ. ನಾನು ಹತ್ತಲ್ಲ" ಎಂದಳು ಮಗಳು.

"ಅಪ್ಪಂದಲ್ಲ ಕಣೇ. ಈಗ ನಂದು."

ಮಗಳು ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. ಆಮೇಲೆ ಕೂಸಿನ ಸಮೇತ ಹತ್ತಿ ಕೂತಳು. ಅಷ್ಟು ದೂರ ಬಂದ ಕಾರು ಆ ಗಳಿಗೆಯಲ್ಲೇ ಹಟ ಹಿಡಿಯಬೇಕೆ! ಎಷ್ಟು ಮಾಡಿದರೂ ಸ್ಟಾರ್ಟ್ ಆಗಲಿಲ್ಲ. ಕೊನೆಗೆ ಅತ್ತೆ ಬೀದಿಯವರನ್ನೆಲ್ಲ ಕೂಗಿ ಕರೆದರು. ತೋಟದಿಂದ ಬಂದ ಅಳಿಯ, ಬೀದಿಯವರು, ನಾನು, ಕೊನೆಗೆ ಆ ಅತ್ತೆಯೂ ಸೇರಿ ಕಾರನ್ನು ತಳ್ಳಿದೆವು. ಒಳಗೆ ತಾಯಿ ಮಗಳು ನಗುತ್ತಿದ್ದಾರೋ ಅಳುತ್ತಿದ್ದಾರೋ ಹಿಂದಿನಿಂದ ತಿಳಿಯುತ್ತಿರಲಿಲ್ಲ. ಕೆರೆಯ ಏರಿಯ ಹತ್ತಿರ ಕಾರು ಕೆಮ್ಮಿಕೊಂಡು ಹೊರಟಿತು. ಧೂಳಿನಲ್ಲಿ ನಿಂತು ನಾವೆಲ್ಲ ನೋಡಿದೆವು.

ಊರನ್ನೊಂದು ಸುತ್ತು ಹಾಕಿ ಬಂದು ಮಗಳು ಮನೆ ಮುಂದೆ ಇಳಿದುಕೊಂಡಳು, ಅಂದು ಕೋಲಾರಕ್ಕೆ ಬರಲಿಲ್ಲ. ಮುಂದಿನ ಯುಗಾದಿಗೆ ಬಂದಳು, ಆಮೇಲೆ ಬರುತ್ತಲೇ ಇದ್ದಳು. ನನಗೆ ಮಾಸ್ತಿಗೆ ವರ್ಗವಾದ ಮೇಲೂ ಒಮ್ಮೆ ತಾಯಿ ಮಗಳು ಅದೇ ಕಾರಿನಲ್ಲಿ ಬಂದು, ಊಟ ಮಾಡಿ ಹೋದರು. ಮಗಳು ಓಡಿಸುತ್ತಿದ್ದಳು. ಪಕ್ಕದಲ್ಲಿ ಓನರಮ್ಮ ಬಾಗಿಲು ಹಿಡಿದುಕೊಂಡು, ನಿಧಾನ ಕಣೇ, ನಿಧಾನ ಎನ್ನುತ್ತಿದ್ದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಅವರು ಹೋದ ಸುದ್ದಿ ನನಗೆ ತಲುಪುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

ಈಗ ನನಗೆ ಅವರ ಆಗಿನ ವಯಸ್ಸಿಗಿಂತ ಎಷ್ಟೋ ಹೆಚ್ಚಾಗಿದೆ. ಅವರ ಮಗಳು ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಾಳೆ. ಅಮ್ಮನ ಮಾತು ಬಂದರೆ ಇಬ್ಬರಿಗೂ ಮೊದಲು ನಗು ಬರುತ್ತದೆ. ಆಮೇಲೆ ಒಬ್ಬರಲ್ಲ ಒಬ್ಬರು, ನಿಧಾನ ಕಣೇ, ನಿಧಾನ ಎನ್ನುತ್ತೇವೆ…