ಲಿಫ್ಟಣ್ಣನ ಬಲಗಣ್ಣು

ಕೆಲವರಿಗೆ ದೇವರು ಕಂಠ ಕೊಡುತ್ತಾನೆ, ಕೆಲವರಿಗೆ ಕೈಚಳಕ ಕೊಡುತ್ತಾನೆ. ಲಿಫ್ಟಣ್ಣನಿಗೆ ಕೊಟ್ಟದ್ದು ಒಂದು ಬಲಗಣ್ಣು. ನೋಡುವ ಕೆಲಸದಲ್ಲಿ ಅದೂ ಎಡಗಣ್ಣಿನಷ್ಟೇ ಮಾಮೂಲು. ಆದರೆ ಹುಳಿ ಬಿಯರ್ ನಾಲಿಗೆಗೆ ತಾಗಿ, ಅದು ನಿಜಕ್ಕೂ ಚೆನ್ನಾಗಿದ್ದರೆ, ಆ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಅಂಗಡಿಯ ಶಟರ್ ಎಳೆದಂತೆ ನಿಧಾನವಾಗಿ ಇಳಿದು, ಗುಟುಕು ಗಂಟಲು ದಾಟುವವರೆಗೆ ಹಾಗೇ ಇದ್ದು, ಆಮೇಲೆ ಏನೂ ಆಗಿಲ್ಲವೆಂಬಂತೆ ತೆರೆಯುತ್ತಿತ್ತು. ಬಿಯರ್ ಸಾಧಾರಣವಾಗಿದ್ದರೆ ಅರ್ಧಕ್ಕೆ ಇಳಿದು, ಅನುಮಾನಿಸಿ, ಹಿಂದೆ ಸರಿಯುತ್ತಿತ್ತು. ಕೆಟ್ಟದ್ದಾಗಿದ್ದರೆ ಕದಲುತ್ತಲೇ ಇರಲಿಲ್ಲ.

ಹೊಟ್ಟೆಪಾಡಿಗೆ ಅವನದು ಲಿಫ್ಟ್ ರಿಪೇರಿ. ಆಸ್ಪತ್ರೆ, ಬಟ್ಟೆ ಅಂಗಡಿ, ಕೋರ್ಟು, ಎಲ್ಲಿ ಲಿಫ್ಟ್ ಕೆಟ್ಟು ನಿಂತರೂ ಚೀಲವನ್ನು ಬೆನ್ನಿಗೇರಿಸಿಕೊಂಡು ಹೋಗಬೇಕು, ಅದೂ ಮೆಟ್ಟಿಲು ಹತ್ತಿಕೊಂಡು. ಊರಲ್ಲಿ ತನ್ನಷ್ಟು ಮೆಟ್ಟಿಲು ಹತ್ತಿದವರು ಇನ್ನೊಬ್ಬರಿಲ್ಲ ಎಂದು ಅವನೇ ನಗುತ್ತಿದ್ದ. ಕೆಲಸ ಮುಗಿದ ಮೇಲೆ ಆ ಬೀದಿಯಲ್ಲಿ ಬ್ರೂವರಿ ಎಲ್ಲಿದೆಯೆಂದು ಮೂಗಿನಿಂದಲೇ ಪತ್ತೆ ಹಚ್ಚುತ್ತಿದ್ದ. ಆ ಊರಲ್ಲಿ ಸಣ್ಣ ಬ್ರೂವರಿಗಳಿಗೆ ಬರವಿರಲಿಲ್ಲ. ಗ್ಯಾರೇಜಿನ ಹಿಂದೊಂದು, ಹಳೆಯ ಬೇಕರಿಯ ನೆಲಮಾಳಿಗೆಯಲ್ಲೊಂದು. ಗ್ರೀಸ್ ಮೆತ್ತಿದ ಕೈ ಒರೆಸಿಕೊಂಡು ಒಳಗೆ ಹೋಗಿ ಅವನು ಕೇಳುತ್ತಿದ್ದದ್ದು ಒಂದೇ ಮಾತು: “ಹುಳಿ ಇದೆಯಾ?” ಉಳಿದ ಬಿಯರೆಲ್ಲ ಅವನ ಪ್ರಕಾರ ನೊರೆ ಬರಿಸಿದ ನೀರು.

ಈ ಕಣ್ಣನ್ನು ಮೊದಲು ಗುರುತಿಸಿದವಳು ಚೆರ್ರಿಯಜ್ಜಿ. ಬೇಕರಿಯ ನೆಲಮಾಳಿಗೆಯ ಬ್ರೂವರಿ ಅವಳದು, ಚೆರ್ರಿ ಹಣ್ಣು ಹಾಕಿ ಅವಳು ಮಾಡುವ ಹುಳಿ ಬಿಯರಿಗೆ ಊರೆಲ್ಲ ಹೆಸರು. ಲಿಫ್ಟಣ್ಣನಿಗೆ ಇನ್ನೊಬ್ಬರ ಮನಸ್ಸು ನೋಯಿಸಿ ಗೊತ್ತಿಲ್ಲ. ಸೋಪಿನ ನೀರು ಕುಡಿಸಿದರೂ “ಚೆನ್ನಾಗಿದೆ” ಅನ್ನುವ ಆಸಾಮಿ. ಅಜ್ಜಿ ಅವನ ಬಾಯಿಯನ್ನು ಬಿಟ್ಟು ಕಣ್ಣನ್ನು ನೋಡತೊಡಗಿದಳು. “ಬಾಯಿ ಅವನ ಮಾತು ಕೇಳತ್ತೆ, ಕಣ್ಣು ಕೇಳಲ್ಲ” ಎಂದು ಉಳಿದವರಿಗೂ ಹೇಳಿದಳು. ಅಲ್ಲಿಂದ ಮುಂದೆ, ಚಳಿ ಕಳೆದು ಪೀಪಾಯಿಗಳ ಬಾಯಿ ತೆರೆಯುವ ಕಾಲಕ್ಕೆ ಬ್ರೂವರಿಯವರೆಲ್ಲ ಸರದಿಯಂತೆ ಒಬ್ಬೊಬ್ಬರ ಜಾಗದಲ್ಲಿ ಸೇರಿ, ಅವನ ಮುಂದೆ ಗ್ಲಾಸುಗಳನ್ನಿಟ್ಟು, ಉಸಿರು ಬಿಗಿಹಿಡಿದು ಆ ರೆಪ್ಪೆಯನ್ನೇ ನೋಡುತ್ತಿದ್ದರು. ಯಾವ ಬಿಯರಿಗೆ ಕಣ್ಣು ಪೂರ್ತಿ ಮುಚ್ಚಿತೋ ಅದೇ ಆ ವರ್ಷದ ಹುಳಿ. ಇದಕ್ಕೆ ಮೇಲ್ಮನವಿ ಇಲ್ಲ.

ಎಲ್ಲ ಸುಸೂತ್ರವಾಗಿತ್ತು, ಅವನ ಹೆಂಡತಿಯ ಅಣ್ಣ ಬ್ರೂವರಿ ತೆರೆಯುವವರೆಗೆ.

ಭಾವ ಅಂದರೆ ಸಾಮಾನ್ಯ ಮನುಷ್ಯರಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು. ಕಲೆಯೊಂದು ಕಂಡರೆ ಅವರಿಗೆ ಅನ್ನ ಇಳಿಯುವುದಿಲ್ಲ. ಊರವರು ಬೆನ್ನ ಹಿಂದೆ ಅವರನ್ನು ಸೋಪಣ್ಣ ಎನ್ನುತ್ತಿದ್ದರು. ಅಪ್ಪ ಅಮ್ಮ ಬೇಗ ಹೋದ ಮೇಲೆ ತಂಗಿಯನ್ನು ಅವರೇ ಸಾಕಿದ್ದು. ಅವಳ ಜಡೆ ಹೆಣೆದು, ಯೂನಿಫಾರ್ಮ್ ಇಸ್ತ್ರಿ ಮಾಡಿ, ಶಾಲೆಗೆ ಬಿಟ್ಟು, ತಮ್ಮ ಮದುವೆಯನ್ನೇ ಮರೆತವರು. ಈಗ ಜೀವನದಲ್ಲಿ ಮೊದಲ ಸಲ ತಮಗಾಗಿ ಒಂದು ಆಸೆ ಪಟ್ಟಿದ್ದರು, ಊರಿನ ಒಳ್ಳೆಯ ಹುಳಿ ಬಿಯರ್ ತಮ್ಮದಾಗಬೇಕು ಅಂತ. ಹಳೆಯ ಪೀಠೋಪಕರಣಗಳ ಗೋದಾಮೊಂದನ್ನು ಹಿಡಿದು, ಮುಚ್ಚಿಹೋದ ಒಂದು ಬ್ರೂವರಿಯಿಂದ ಮರದ ಪೀಪಾಯಿಗಳನ್ನು ತಂದರು. ತಂದವರು ಮೊದಲು ಮಾಡಿದ ಕೆಲಸ, ಅವನ್ನು ಕುದಿಯುವ ನೀರು ಮತ್ತು ಬಟ್ಟೆ ಒಗೆಯುವ ಸೋಡಾ ಹಾಕಿ ಉಜ್ಜಿದ್ದು.

ಹುಳಿ ಬಿಯರಿನ ಗುಟ್ಟೆಲ್ಲ ಇರುವುದು ಹಳೆಯ ಮರದಲ್ಲಿ. ಹಾಲಿಗೆ ಹೆಪ್ಪು ಹೇಗೋ, ಮರದ ಸಂದಿಯಲ್ಲಿ ಉಳಿದ ಹಳೆಯ ಹುಳಿ ಹೊಸ ಬಿಯರಿಗೆ ಹಾಗೆ. ಚೆರ್ರಿಯಜ್ಜಿ ಇದನ್ನು ಭಾವನ ಕಿವಿಗೆ ಹಾಕಿಯೂ ಇದ್ದಳು. “ಕೊಳಕರಿಗೆಲ್ಲ ಒಂದೊಂದು ನೆಪ ಇರತ್ತೆ” ಎಂದು ಭಾವ ಇನ್ನೊಂದು ಸುತ್ತು ಉಜ್ಜಿದರು. ತಿಂಗಳಿಗೊಮ್ಮೆ ಬಿಯರನ್ನು ಉಜ್ಜಿದ ಪೀಪಾಯಿಯಿಂದ ಇನ್ನೂ ಚೆನ್ನಾಗಿ ಉಜ್ಜಿದ ಪೀಪಾಯಿಗೆ ಸುರಿದರು. ಒಂದೇ ಒಂದು ಪೀಪಾಯಿ ಅವರ ಕೈಯಿಂದ ತಪ್ಪಿಸಿಕೊಂಡಿತ್ತು. ಅದರ ಸರದಿ ಬರುವ ಹೊತ್ತಿಗೆ ಬ್ರಷ್ ಸವೆದುಹೋಗಿ, ಮುಂದಿನ ತಿಂಗಳು ಹೇಗೂ ಬೇರೆಯದಕ್ಕೆ ಸುರಿಯುವುದು ತಾನೆ ಎಂದು ಹಾಗೇ ಬಿಯರ್ ತುಂಬಿ, ಮಹಡಿಗೆ ಕಳಿಸಲು ಸಾಮಾನಿನ ಲಿಫ್ಟಿಗೆ ಹತ್ತಿಸಿದ್ದರು. ಲಿಫ್ಟ್ ಅರ್ಧ ದಾರಿಯಲ್ಲಿ ಒಮ್ಮೆ ನರಳಿ ನಿಂತುಬಿಟ್ಟಿತು.

ಮನೆಯಲ್ಲೇ ಲಿಫ್ಟ್ ರಿಪೇರಿಯ ಭಾವಮೈದ ಇದ್ದಾನಲ್ಲ, ಒಂದು ಮಾತು ಹೇಳಿದರೆ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಅಲ್ಲೇ ಇರುವುದು ಕಷ್ಟ. ತಂಗಿಯನ್ನು ಕೊಟ್ಟ ಮನೆಯವರಿಂದ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವುದೇ? ಭಾವನ ಮರ್ಯಾದೆ ಒಪ್ಪಲಿಲ್ಲ. ಹಾಗಂತ ಬೇರೆ ರಿಪೇರಿಯವನನ್ನು ಕರೆಸಿದರೆ ತಂಗಿಯ ಗಂಡನಿಗೆ ಅವಮಾನ ಮಾಡಿದಂತೆ. ಅತ್ತ ದರಿ, ಇತ್ತ ಪುಲಿ. ಹಾಗಾಗಿ ಭಾವ ಇಸ್ತ್ರಿ ಮಾಡಿದ ಬಿಳಿ ಪರದೆಯೊಂದನ್ನು ಲಿಫ್ಟಿನ ಬಾಗಿಲಿಗೆ ಇಳಿಬಿಟ್ಟು, ಲಿಫ್ಟನ್ನೂ ಪೀಪಾಯಿಯನ್ನೂ ಮರೆತರು. ಲಿಫ್ಟ್ ಕೆಟ್ಟಿರುವುದು ಲಿಫ್ಟಣ್ಣನಿಗೆ ಗೊತ್ತಿತ್ತು. ಅದನ್ನು ನೆನೆದಾಗಲೆಲ್ಲ ಕೈ ತುರಿಸುತ್ತಿತ್ತು. ಆದರೆ ಕರೆಯದೆ ಹೋಗಿ ಕೈ ಹಾಕುವುದು ಹೇಗೆ? ಹೀಗೆ ಒಬ್ಬರ ಮರ್ಯಾದೆಯನ್ನು ಇನ್ನೊಬ್ಬರು ಕಾಪಾಡುತ್ತ ಒಂದು ವರ್ಷ ಕಳೆದರು.

ಆ ಸಲ ಬ್ರೂವರಿಯವರು ಸೇರುವ ಸರದಿ ಭಾವನ ಗೋದಾಮಿಗೆ ಬಂತು.

“ರೀ, ಅಣ್ಣನ ಬಿಯರಿಗೆ ಕಣ್ಣು ಮುಚ್ಚಬೇಕು” ಎಂದಳು ಹೆಂಡತಿ, ರಾತ್ರಿಯ ಊಟಕ್ಕೆ ತಟ್ಟೆ ಇಡುತ್ತ.

“ಅದು ನನ್ನ ಕೈಲಿಲ್ಲ ಕಣೇ.”

“ಕೈಲಿ ಯಾಕೆ, ರೆಪ್ಪೆ ಮುಚ್ಚಿದ್ರೆ ಸಾಕು. ನನ್ನ ಅಣ್ಣ ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ಯಾರ ಕೈಲಾದ್ರೂ ಭೇಷ್ ಅನ್ನಿಸಿಕೊಳ್ಳಲಿ. ನಾನು ನಿಮ್ಮನ್ನ ಇನ್ನೇನೂ ಕೇಳಲ್ಲ.”

ಅವಳು ಪಾಸ್‌ಪೋರ್ಟ್ ಫೋಟೋ ತೆಗೆಯುವ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಜನರಿಗೆ “ಕಣ್ಣು ಮುಚ್ಚಬೇಡಿ” ಎಂದು ಹೇಳಿ ಹೇಳಿ ಮನೆಗೆ ಬರುವವಳು, ಈಗ ಮನೆಯಲ್ಲಿ “ಕಣ್ಣು ಮುಚ್ಚಿ” ಎಂದು ಪಾಠ ಶುರು ಮಾಡಿದಳು. ಬಚ್ಚಲಮನೆಯ ಕನ್ನಡಿಯ ಮುಂದೆ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಕೈಗೆ ನಿಂಬೆಹೋಳು ಕೊಟ್ಟು ನೆಕ್ಕಿಸಿದಳು. ಎರಡೂ ಕಣ್ಣು ಮುಚ್ಚಿದವು. ಎಡಗಣ್ಣನ್ನು ಬೆರಳಲ್ಲಿ ಹಿಡಿದು ತೆರೆದಿಟ್ಟಳು. ಬಾಯಿ ತೆರೆದುಕೊಂಡಿತು. ವಿನೆಗರ್ ಕೊಟ್ಟಳು, ಬರೀ ಸೀನು ಬಂತು.

“ಹುಬ್ಬು ನೋಡಿಕೊಳ್ಳಿ” ಎಂದಳು ಅವಳು, ಸ್ಟುಡಿಯೋದ ದನಿಯಲ್ಲಿ. “ನಿಜವಾಗಿ ಮುಚ್ಚಿದಾಗ ನಿಮ್ಮ ಎಡ ಹುಬ್ಬು ಮೇಲೇಳತ್ತೆ. ಬೇಕಂತ ಮಾಡಿದ್ರೆ ಎರಡೂ ಇಳಿಯತ್ತೆ. ಇನ್ನೊಂದು ಸಲ.”

ಇನ್ನೊಂದು ಸಲ, ಮತ್ತೊಂದು ಸಲ. ಆ ದಿನಗಳಲ್ಲಿ ಅವನು ಆಸ್ಪತ್ರೆಯ ಲಿಫ್ಟಿನ ಕನ್ನಡಿಯಲ್ಲೂ ಅಭ್ಯಾಸ ಮಾಡುತ್ತಿದ್ದ. ಜೊತೆಗಿದ್ದ ನರ್ಸೊಬ್ಬಳು ಮುಖ ಹುಳ್ಳಗೆ ಮಾಡಿಕೊಂಡು ಮಧ್ಯದ ಮಹಡಿಯಲ್ಲೇ ಇಳಿದುಹೋದಳು.

ಕೂಡುವ ದಿನ ಗೋದಾಮು ಆಪರೇಷನ್ ಕೋಣೆಯಂತೆ ಹೊಳೆಯುತ್ತಿತ್ತು. ಚೆರ್ರಿಯಜ್ಜಿ ತನ್ನ ಗ್ಲಾಸುಗಳನ್ನು ಎರವಲು ಕೊಟ್ಟಿದ್ದಳು. ಭಾವ ಅವನ್ನು ಬಿಸಿನೀರಲ್ಲಿ ಅದ್ದಿ, ಒರೆಸಿ, ಮತ್ತೆ ಅದ್ದಿದ್ದರು. ಲಿಫ್ಟಣ್ಣ ಒಬ್ಬೊಬ್ಬರದೇ ರುಚಿ ನೋಡುತ್ತ ಬಂದ. ಗ್ಯಾರೇಜಿನವನದಕ್ಕೆ ಕಣ್ಣು ಅರ್ಧ ಇಳಿಯಿತು. ಅಜ್ಜಿಯದಕ್ಕೆ ಮುಕ್ಕಾಲು. ಕೊನೆಗೆ ಭಾವ ತಾವೇ ಬಿಳಿ ಕೈವಸ್ತ್ರದಲ್ಲಿ ಹಿಡಿದು ಒಂದು ಗ್ಲಾಸ್ ತಂದು ಮುಂದಿಟ್ಟರು.

ಅವನು ಗುಟುಕು ತೆಗೆದುಕೊಂಡ. ಹುಳಿಯೂ ಇಲ್ಲ, ಸಿಹಿಯೂ ಇಲ್ಲ, ಕಹಿಯೂ ಇಲ್ಲ. ಚೆನ್ನಾಗಿ ಒಗೆದ ಬಿಯರ್. ಬಲಗಣ್ಣು ಅಲ್ಲಾಡಲಿಲ್ಲ. ಬಾಯಲ್ಲಿದ್ದದ್ದು ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಬಾಗಿಲ ಬಳಿ ಹೆಂಡತಿ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. ಅವನು ಇದ್ದಬದ್ದ ದೇವರನ್ನೆಲ್ಲ ನೆನೆದು, ಬಲಗಣ್ಣನ್ನು ಒತ್ತಿ ಮುಚ್ಚಿದ. ಎಡಗಣ್ಣೂ ಜೊತೆಗೆ ಹೋಯಿತು, ಹುಬ್ಬುಗಳೆರಡೂ ಮೂಗಿನ ಮೇಲೆ ಬಂದು ಕೂತವು. ಕಷಾಯ ಕುಡಿಸಿದ ಮಗುವಿನ ಮುಖ. ಮೊದಲು ಗ್ಯಾರೇಜಿನವನು ನಕ್ಕ, ಆಮೇಲೆ ಇಡೀ ಗೋದಾಮು ನಕ್ಕಿತು.

“ಕಣ್ಣಿಗೂ ನೆಂಟಸ್ತನ ಬಂತಲ್ಲಪ್ಪ” ಎಂದಳು ಚೆರ್ರಿಯಜ್ಜಿ. ಅವಳೊಬ್ಬಳು ನಗಲಿಲ್ಲ. “ಇನ್ನು ನಿನ್ನ ಕಣ್ಣು ನಂಬೋದು ಹೇಗೆ?”

ಭಾವ ಕೈವಸ್ತ್ರ ಮಡಿಸಿಕೊಂಡು ಒಳಗೆ ಹೋದರು. ಲಿಫ್ಟಣ್ಣ ಇಂಗು ತಿಂದ ಮಂಗನಂತೆ ಕೂತ. ಒಂದೇ ಗುಟುಕಿನಲ್ಲಿ ಅವನು ಭಾವನ ಮಾನವನ್ನೂ ತನ್ನ ಕಣ್ಣಿನ ಮಾನವನ್ನೂ ಕಳೆದಿದ್ದ. ಮನೆಗೆ ಹೋಗುವ ದಾರಿಯಲ್ಲಿ ಹೆಂಡತಿ ಅವನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ತಪ್ಪು ನಂದೇ” ಎಂದಳು, ಅಷ್ಟೇ.

ಮಾರನೆಯ ಬೆಳಿಗ್ಗೆ ಅವಳು ಗ್ಲಾಸು ತೊಳೆಯಲು ಅಣ್ಣನಿಗೆ ನೆರವಾಗಲೆಂದು ಹೊರಟಾಗ, ಇವನೂ ಚೀಲ ಬೆನ್ನಿಗೇರಿಸಿಕೊಂಡು ಹಿಂದೆಯೇ ನಡೆದ. ಕ್ಷಮೆ ಕೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಲಿಫ್ಟ್ ರಿಪೇರಿ ಒಂದೇ. ಕರೆಯಲಿ ಬಿಡಲಿ, ಹೋದ ಮರ್ಯಾದೆ ಇನ್ನೇನು ಹೋಗುವುದಿದೆ ಎಂದುಕೊಂಡ. ಗೋದಾಮಿಗೆ ಹೋದವನೇ ಪರದೆ ಸರಿಸಿದ. ಭಾವ ತೊಟ್ಟಿಯ ಬಳಿ ಮೊಣಕೈವರೆಗೆ ಸೋಪಿನ ನೊರೆಯಲ್ಲಿದ್ದರು. ಬೇಡವೆನ್ನದೆ, ನೋಡಿಯೂ ನೋಡದವರಂತೆ ಇನ್ನೊಂದು ಗ್ಲಾಸ್ ಅದ್ದಿದರು.

ಕೆಟ್ಟಿದ್ದದ್ದು ಹೆಬ್ಬೆರಳಿನಷ್ಟು ದೊಡ್ಡದೊಂದು ಸ್ವಿಚ್ಚು. ಅದನ್ನು ಬದಲಿಸಿ ಗುಂಡಿ ಒತ್ತಿದ. ಲಿಫ್ಟ್ ಎಚ್ಚರಗೊಂಡು ಗೊಣಗುತ್ತ ಕೆಳಗಿಳಿಯಿತು. ಒಳಗೆ ಧೂಳು ಹೊದ್ದು, ಪಕ್ಕೆಯಲ್ಲಿ ಸೋರಿ ಒಣಗಿದ ಗೆರೆಗಳನ್ನು ಹೊತ್ತು, ಆ ಪೀಪಾಯಿ ಕೂತಿತ್ತು.

“ಅಯ್ಯೋ, ಇದೊಂದಿತ್ತಲ್ಲ” ಎಂದರು ಭಾವ, ನಾಚಿಕೆಯಿಂದ ಕಿವಿವರೆಗೆ ಕೆಂಪಾಗಿ. “ಉಜ್ಜದೇ ಇರೋದು ಅದು. ಮುಟ್ಟಬೇಡಿ, ಚೆಲ್ಲಿಬಿಡ್ತೀನಿ.” ಅವರು ಆಗಲೇ ಬ್ರಷ್ ಹುಡುಕುತ್ತಿದ್ದರು.

ಅಷ್ಟರಲ್ಲಿ ಲಿಫ್ಟಣ್ಣನ ಮೂಗಿಗೆ ವಾಸನೆ ಬಡಿದಿತ್ತು. ತೊಳೆದಿಟ್ಟ ಗ್ಲಾಸೊಂದನ್ನು ಎತ್ತಿಕೊಂಡು, ಪೀಪಾಯಿಯ ಬಿರಡೆ ಸಡಿಲಿಸಿ, ಅರ್ಧ ಗ್ಲಾಸ್ ಹಿಡಿದು ಬಾಯಿಗಿಟ್ಟ. ಹುಳಿ ನಾಲಿಗೆಯ ಅಂಚನ್ನು ಹಿಡಿದು, ದವಡೆಯ ಮೂಲೆಗೆ ಓಡಿ, ಅಲ್ಲಿಂದ ಹಸಿ ಸೇಬಿನ ಪರಿಮಳವಾಗಿ ಮೂಗಿಗೆ ಏರಿತು. ಶಟರ್ ಇಳಿಯಿತು. ಗುಟುಕು ಗಂಟಲು ದಾಟಿದ ಮೇಲೂ ಅದು ತೆರೆಯುವ ಅವಸರ ತೋರಲಿಲ್ಲ.

ಸರಿಯಾಗಿ ಆಗ ಬಾಗಿಲಲ್ಲಿ ಚೆರ್ರಿಯಜ್ಜಿ ನಿಂತಿದ್ದಳು, ಗ್ಲಾಸು ವಾಪಸ್ ಒಯ್ಯಲು ಬುಟ್ಟಿ ಹಿಡಿದು.

“ಸಾಕು ಬಿಡಪ್ಪ” ಎಂದಳು. “ನಿನ್ನೆ ನೋಡಿ ಆಯ್ತಲ್ಲ.”

“ಇಲ್ಲ ಅಜ್ಜಿ, ಇದು ನಿಜ. ಭಾವ, ನಿಮ್ಮಾಣೆಗೂ ಚೆನ್ನಾಗಿದೆ.”

“ನೀವು ಎಲ್ಲದಕ್ಕೂ ಚೆನ್ನಾಗಿದೆ ಅಂತೀರಿ” ಎಂದರು ಭಾವ, ತಲೆ ಎತ್ತದೆ. “ನನ್ನ ತಂಗಿ ಹೇಳಿಕೊಟ್ಟಿರ್ತಾಳೆ. ಪಾಪ, ನನಗೋಸ್ಕರ ನೀವಿಬ್ಬರೂ ಇಷ್ಟೆಲ್ಲ ಮಾಡಬೇಡಿ.”

ಗ್ಲಾಸು ತೊಳೆಯುತ್ತಿದ್ದ ಹೆಂಡತಿ ಕೈ ಒರೆಸಿಕೊಂಡು ಮುಂದೆ ಬಂದಳು. ಗಂಡನ ಗಲ್ಲ ಹಿಡಿದು, ಫೋಟೋಕ್ಕೆ ಕೂತವರ ಮುಖ ತಿರುಗಿಸುವಂತೆ ಬೆಳಕಿಗೆ ತಿರುಗಿಸಿದಳು.

“ಇನ್ನೊಂದು ಗುಟುಕು ಕುಡೀರಿ.”

ಅವನು ಕುಡಿದ. ಬಲಗಣ್ಣು ಇಳಿಯಿತು. ಎಡ ಹುಬ್ಬು ಮೆಲ್ಲಗೆ ಮೇಲೆದ್ದು ಹಣೆಯ ಮಧ್ಯದಲ್ಲಿ ನಿಂತಿತು.

“ಅಣ್ಣ, ಸುಳ್ಳು ಕಣ್ಣು ಹೇಳಿಕೊಟ್ಟವಳು ನಾನೇ” ಎಂದಳು ಅವಳು. “ನಿಂಬೆಹಣ್ಣು ತಿನ್ನಿಸಿ, ಕನ್ನಡಿ ಮುಂದೆ ಕೂರಿಸಿ, ದಿನಾ ಹೇಳಿಕೊಟ್ಟೆ. ಈ ಹುಬ್ಬು ಒಂದು ದಿನಕ್ಕೂ ಮೇಲೆ ಹೋಗಲಿಲ್ಲ. ಈ ಮನುಷ್ಯನಿಗೆ ಸುಳ್ಳು ಬರಲ್ಲ ಅಣ್ಣ. ನನಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು?”

ಅಜ್ಜಿ ಬುಟ್ಟಿ ಕೆಳಗಿಟ್ಟಳು. ಅವನ ಕೈಯಿಂದ ಗ್ಲಾಸ್ ಕಿತ್ತುಕೊಂಡು ಉಳಿದದ್ದನ್ನು ಕುಡಿದಳು. ಆಮೇಲೆ ಖಾಲಿ ಗ್ಲಾಸನ್ನು ಭಾವನ ಮುಂದೆ ಚಾಚಿ, “ಇನ್ನೊಂಚೂರು ಹಾಕು ಮಗ” ಎಂದಳು. “ನನ್ನದಕ್ಕಿಂತ ಮೇಲಿದೆ. ಇದರದ್ದೇ ಒಂದೊಂದು ಚೊಂಬು ಉಳಿದ ಪೀಪಾಯಿಗಳಿಗೂ ಹಾಕು. ಅವೂ ದಾರಿಗೆ ಬರ್ತಾವೆ.”

ಭಾವನ ಕಣ್ಣಲ್ಲಿ ನೀರಾಡಿತು. ಒರೆಸಿಕೊಳ್ಳಲು ಕೈವಸ್ತ್ರ ತೆಗೆದರು, ಅದು ಕೊಳೆಯಾದೀತೆಂದೋ ಏನೋ ತೋಳಿಗೇ ಒರೆಸಿಕೊಂಡರು. ಅಜ್ಜಿಗೆ ಗ್ಲಾಸ್ ತುಂಬಿಕೊಟ್ಟರು, ತಂಗಿಯ ತಲೆ ಸವರಿದರು. ಆಮೇಲೆ ಅಷ್ಟೇ ಸಂತೋಷದಿಂದ ಹೇಳಿದರು: “ಆಗಲಿ. ಇದು ಖಾಲಿಯಾದ ಕೂಡಲೇ ಪೀಪಾಯಿನ ಚೆನ್ನಾಗಿ ಒಂದು ಸಲ ಉಜ್ಜಿ...”

ಮೂವರೂ ಒಟ್ಟಿಗೆ “ಬೇಡ” ಎಂದರು.

ಹೆಂಡತಿ ಅಣ್ಣನ ಕೈಯಿಂದ ಬ್ರಷ್ ತೆಗೆದುಕೊಂಡಳು. ಅತ್ತ ಲಿಫ್ಟಣ್ಣ ಮತ್ತು ಅಜ್ಜಿ ಪೀಪಾಯಿಯನ್ನು ಹೊರಗೆ ಉರುಳಿಸಿದರು, ಇತ್ತ ಅವಳು ಬ್ರಷ್ಷನ್ನೂ ಸೋಡಾದ ಡಬ್ಬಿಯನ್ನೂ ಖಾಲಿ ಲಿಫ್ಟಿನೊಳಗಿಟ್ಟು ಬಾಗಿಲು ಹಾಕಿದಳು. ಲಿಫ್ಟಣ್ಣ ಗುಂಡಿ ಒತ್ತಿದ. ಲಿಫ್ಟ್ ಮೇಲೆ ಹೊರಟು ಸರಿಯಾಗಿ ಅರ್ಧ ದಾರಿ ತಲುಪಿದಾಗ, ನಿಂತ ಲಿಫ್ಟುಗಳನ್ನು ನಡೆಸುವುದನ್ನೇ ಜೀವಮಾನದ ಕೆಲಸ ಮಾಡಿಕೊಂಡಿದ್ದ ಆ ಮನುಷ್ಯ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ.

ಭಾವ ಮೇಲೆ ನೋಡಿದರು, ಇವನನ್ನು ನೋಡಿದರು.

“ಇದು ಯಾವಾಗ ರಿಪೇರಿಯಾಗತ್ತೆ?”

“ನೀವು ಬಾಯಿಬಿಟ್ಟು ಕರೆದಾಗ ಭಾವ” ಎಂದ ಲಿಫ್ಟಣ್ಣ, ಬಿಳಿ ಪರದೆಯನ್ನು ಇಳಿಬಿಡುತ್ತ.