ಅತ್ತಿಗೆಯ ನೀರಿಗೆ ಕಟ್ಟಿದ ಬೆಲೆ

ನಮ್ಮ ಅತ್ತಿಗೆಯಷ್ಟು ಹಟದ ಹೆಂಗಸನ್ನು ನಾನು ಕಂಡಿಲ್ಲ. ಅಣ್ಣ ತೀರಿಕೊಂಡ ವಾರದಲ್ಲೇ ಅವನ ಸ್ಪ್ಯಾನರ್ ಹಿಡಿದು ಬೀದಿಗಿಳಿದವಳು ಅವಳು. ನಮ್ಮ ದಿಬ್ಬದ ಮೇಲಿನ ನಲವತ್ತು ಚಿಲ್ಲರೆ ಮನೆಗಳಿಗೆ ಊರಿನ ನೀರು ಹತ್ತುವುದಿಲ್ಲ. ಅದಕ್ಕೇ ಅಣ್ಣ ತನ್ನ ಹಿತ್ತಲಲ್ಲಿ ಕೊಳವೆಬಾವಿ ಕೊರೆಸಿ, ಲೈಸೆನ್ಸು ಪಡೆದು, ಮನೆಮನೆಗೂ ಪೈಪು ಎಳೆದಿದ್ದ. ಮಕ್ಕಳು ಮರಿ ಇಲ್ಲದ ಅತ್ತಿಗೆಗೆ ಕೊನೆಗೆ ಉಳಿದದ್ದು ಆ ಬಾವಿ ಒಂದೇ.

ಬೆಳಗಾಗುವ ಮೊದಲೇ ಎದ್ದು ಮೋಟರ್ ಹಾಕಬೇಕು, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಕಲಸಿ ಸುರಿಯಬೇಕು. ಪೈಪು ಸೋರಿದರೆ ತಾನೇ ಗುಂಡಿ ತೋಡಿ, ಮಂಡಿವರೆಗೂ ಕೆಸರಿನಲ್ಲಿ ನಿಂತು ಸರಿಮಾಡಬೇಕು. ಮನೆಗಳಿಂದ ಬರುವ ನೀರಿನ ದುಡ್ಡು ಕರೆಂಟಿಗೆ, ಪೌಡರಿಗೆ, ಪೈಪಿಗೆ ಸರಿಹೋಗುತ್ತಿತ್ತು. ಹೊಟ್ಟೆಪಾಡಿಗೆ ಮಧ್ಯಾಹ್ನದ ಹೊತ್ತು ಬಟ್ಟೆ ಹೊಲಿಯುತ್ತಿದ್ದಳು. ಹುಚ್ಚಿ, ನಿನ್ನ ಕೂಲಿಯನ್ನಾದರೂ ಹಿಡಿದುಕೋ ಎಂದು ನಾನು ಬೈದರೆ, "ನಿಮ್ಮಣ್ಣ ಹಿಡ್ಕೊಂಡಿದ್ರಾ?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಹೋದ ಬೇಸಿಗೆಯಲ್ಲಿ ತಪಾಸಣೆಯ ಇನ್ಸ್‌ಪೆಕ್ಟರು ಬಾಟಲಿಯಲ್ಲಿ ನೀರು ಹಿಡಿದುಕೊಂಡು ಹೋದರು. ನೈಟ್ರೇಟ್ ಮಿತಿ ಮೀರಿದೆ ಎಂದು ಫಲಿತಾಂಶ ಬಂತು. ಅದು ಕುದಿಸಿದರೂ ಹೋಗದು, ಎಳೆಗೂಸುಗಳಿಗಂತೂ ಅಪಾಯ. ಮಳೆಗಾಲ ಮುಗಿಯುವುದರೊಳಗೆ ಶುದ್ಧೀಕರಣ ಯಂತ್ರ ಕೂರಿಸಬೇಕು, ಇಲ್ಲದಿದ್ದರೆ ಬಾವಿಗೆ ಸೀಲು. ಅತ್ತಿಗೆ ಮೊದಲು ಕೂಸಿರುವ ಮನೆಗಳಿಗೆಲ್ಲ ಓಡಿ, ಮಗುವಿಗೆ ಈ ನೀರು ಕುಡಿಸಬೇಡಿ ಎಂದು ಹೇಳಿಬಂದಳು. ಆಮೇಲೆ ಸಾಲಕ್ಕೆಂದು ಬ್ಯಾಂಕಿಗೆ ಹೋದಳು. ಬಾವಿಯಿಂದ ತಿಂಗಳಿಗೆ ಏನಾದರೂ ಉಳಿತಾಯ ತೋರಿಸಿದರೆ ಮಾತ್ರ ಸಾಲ ಎಂದರು. ಉಳಿಯಬೇಕಾದರೆ ದರ ಏರಬೇಕು. ದರವನ್ನು ಅವಳಾಗಿ ಏರಿಸುವ ಹಾಗಿಲ್ಲ, ನೀರಿನ ದರ ಆಯೋಗ ಒಪ್ಪಬೇಕು. ಆಯೋಗ ವಿಚಾರಣೆ ಇಟ್ಟುಕೊಂಡಿತು.

ಅಂದು ನಮ್ಮ ಬೀದಿಗೆ ಬೀದಿಯೇ ವಿಚಾರಣೆಯ ಹಾಲ್‌ನಲ್ಲಿ ಬಂದು ಕೂತಿತ್ತು. ನೀರು ಕುಡಿದ ಒಂದು ನಾಲಿಗೆಯಾದರೂ ಅವಳ ಪರ ಎದ್ದೀತೇ? ಇಲ್ಲ. ಕ್ಷೌರದಂಗಡಿಯವನು ಮೊದಲು ಎದ್ದ.

"ನೆಲದೊಳಗಿನ ನೀರು ಸಾರ್. ಇವ್ರಪ್ಪನ ಮನೆ ಗಂಟೇನಲ್ಲ. ನಮ್ಮ ಹೆಸರಲ್ಲಿ ಗಂಟು ಮಾಡ್ಕೊಳ್ಳೋಕೆ ಹೊರಟಿದ್ದಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತಿಗೆಯ ಮುಖ ಕಪ್ಪಿಟ್ಟಿತು. ಆಯೋಗದ ಅಧಿಕಾರಿ ಒಳ್ಳೆಯ ಮನುಷ್ಯ, ಸಮಾಧಾನದಿಂದಲೇ ಕೇಳಿದರು.

"ಪಂಪ್ ನೋಡ್ಕೊಳ್ಳೋರಿಗೆ ಸಂಬಳ ಎಷ್ಟಮ್ಮ?"

"ನೋಡ್ಕೊಳ್ಳೋಳು ನಾನೇ ಸಾರ್."

"ಅದೇ, ನಿಮಗೆ ಅಂತ ಎಷ್ಟು ತಗೋತೀರಿ? ಯೋಚನೆ ಮಾಡಿ ಹೇಳಿ. ನೀವು ಹೇಳಿದ್ದನ್ನೇ ನಾವು ಖರ್ಚು ಅಂತ ಹಿಡಿಯೋದು."

ಹೇಳು ಅತ್ತಿಗೆ, ಏನಾದರೊಂದು ಹೇಳು ಎಂದು ಅವಳ ತೋಳು ಚಿವುಟಿದೆ. ಅವಳು ಅಧಿಕಾರಿಯನ್ನು ನೋಡಲಿಲ್ಲ, ಹಿಂದೆ ತಿರುಗಿ ಕ್ಷೌರದವನನ್ನೇ ನೋಡಿದಳು.

"ಒಂದು ಕಾಸೂ ತಗೊಂಡಿಲ್ಲ. ನಮ್ಮ ಯಜಮಾನ್ರೂ ತಗೊಂಡಿಲ್ಲ, ನಾನೂ ತಗೊಂಡಿಲ್ಲ."

ಹಾಲ್‌ನಲ್ಲಿ ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು. ಅತ್ತಿಗೆ ತಲೆ ಎತ್ತಿಕೊಂಡೇ ಹೊರಗೆ ಬಂದಳು. ಕೂಲಿ ಅಂತ ಒಂದಿಷ್ಟು ಹೇಳಿದ್ದರೆ ದರ ಏರಿ, ಅದನ್ನೇ ಬ್ಯಾಂಕಿಗೆ ಉಳಿತಾಯವೆಂದು ತೋರಿಸಬಹುದಿತ್ತು.

ಆದೇಶ ಬಂತು. ಕೂಲಿಯ ಖರ್ಚು ಸೊನ್ನೆ. ಯಂತ್ರದ ಖರ್ಚನ್ನು ಅದು ಕೂತ ಮೇಲೆ ದರಕ್ಕೆ ಸೇರಿಸಬಹುದು, ಈಗಲ್ಲ. ಕರೆಂಟಿನ ಬೆಲೆ ಏರಿದ್ದಕ್ಕೆ ಅಷ್ಟಿಷ್ಟು ಏರಿಸಿಕೊಳ್ಳಿ ಎಂದಿದ್ದರು. ಅದನ್ನು ನೋಡಿ ಬ್ಯಾಂಕಿನವರು ಸಾಲ ಇಲ್ಲವೆಂದು ಕೈಯಾಡಿಸಿಬಿಟ್ಟರು.

ಮಳೆಗಾಲ ಮುಗಿಯುತ್ತ ಬಂದಿತ್ತು. ಅಂಥ ಹಟಮಾರಿ ಒಂದೊಂದು ಮನೆಯ ಬಾಗಿಲಲ್ಲೂ ನಿಂತು ಅಂಗಲಾಚಿದಳು. ಮನೆಗಿಷ್ಟು ಅಂತ ಕೂಡಿಸೋಣ, ಯಂತ್ರ ಬಂದರೆ ಎಲ್ಲರೂ ಬದುಕಿಕೊಳ್ಳುತ್ತೇವೆ ಎಂದಳು. ಪೋಸ್ಟ್‌ಮಾಸ್ಟರು ಕನ್ನಡಕ ಒರೆಸಿಕೊಳ್ಳುತ್ತ, "ಆರ್ಡರ್‌ಗಿಂತ ಹೆಚ್ಚು ವಸೂಲಿ ಮಾಡಿದ್ರೆ ನಿಮ್ಮ ಮೇಲೇ ಕೇಸಾಗುತ್ತಮ್ಮ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ" ಎಂದರು. ಚಪ್ಪಾಳೆ ತಟ್ಟಿದ ಕೈಯನ್ನು ಜೇಬಿಗೆ ಹಾಕಲು ಯಾರಿಗೂ ಮನಸ್ಸಾಗಲಿಲ್ಲ. ನಾನು ನನ್ನ ಬಳೆ ಕೊಟ್ಟೆ. ಅದು ಯಂತ್ರದ ಒಂದು ಮೂಲೆಗೂ ಸಾಲುತ್ತಿರಲಿಲ್ಲ.

ಇನ್ಸ್‌ಪೆಕ್ಟರು ಸೀಲು ಹಿಡಿದು ಬಂದ ದಿನ ಅತ್ತಿಗೆ ಅವರ ಕೈಗೆ ಸ್ವಿಚ್ಚು ಮುಟ್ಟಲು ಬಿಡಲಿಲ್ಲ, ತಾನೇ ಮೋಟರ್ ಆರಿಸಿದಳು. ಅವರು ಹೋದ ಮೇಲೆ ಪಂಪಿನ ಕೋಣೆಯ ನೆಲದ ಮೇಲೆ ಕುಸಿದು ಕೂತಳು.

"ನಿಮ್ಮಣ್ಣನ ಬಾವೀನ ನಾನೇ ಮುಚ್ಚಿಬಿಟ್ನಲ್ಲೇ" ಎಂದು ಬಿಕ್ಕಿಬಿಕ್ಕಿ ಅತ್ತಳು. ಅವಳ ಪಕ್ಕದಲ್ಲಿ ಕೂತು ನಾನೂ ಅತ್ತೆ.

ಈಗ ದಿನಕ್ಕೊಂದು ಟ್ಯಾಂಕರ್ ಬರುತ್ತದೆ. ಬಕೆಟ್ಟಿಗೆ ಟ್ಯಾಂಕರಿನವನು ಕೇಳಿದ್ದೇ ರೇಟು. ಅವನನ್ನು ಯಾವ ಹಾಲಿಗೂ ಕರೆದು ಕೂರಿಸಿ ಲೆಕ್ಕ ಕೇಳಿದವರಿಲ್ಲ. ಕ್ಷೌರದವನು ಕಮಕ್ ಕಿಮಕ್ ಎನ್ನದೆ ಕೊಡುತ್ತಾನೆ. ಮೊದಲ ದಿನ ಅತ್ತಿಗೆ ಸಾಲಿನ ಕೊನೆಯಲ್ಲಿ ನಿಂತಿದ್ದಳು. ನೀನು ಮುಂದೆ ಬಾ ಎಂದು ಒಬ್ಬರೂ ಕರೆಯಲಿಲ್ಲ. ಅವಳ ಸರದಿ ಬರುವಷ್ಟರಲ್ಲಿ ಟ್ಯಾಂಕರ್ ಬರಿದಾಯಿತು. ನನ್ನ ಬಕೆಟ್ಟಿನಿಂದ ಅರ್ಧ ಅವಳ ಬಕೆಟ್ಟಿಗೆ ಸುರಿದೆ. ಅವಳು ಚಿಲ್ಲರೆ ತೆಗೆದು ನನ್ನ ಕೈಗೆ ತುರುಕಿದಳು.

"ನನ್ನ ಹತ್ರಾನೂ ದುಡ್ಡಿನ ಮಾತಾ ಅತ್ತಿಗೆ?" ಎಂದು ರೇಗಿದೆ.

"ತಗೊಳ್ಳೇ" ಎಂದಳು. "ಬಿಟ್ಟಿ ಮಾಡಿದ ಕೆಲಸಕ್ಕೆ ಬೆಲೆ ಸೊನ್ನೆ ಅಂತ ಸೀಲ್ ಹೊಡೆದು ಕೊಟ್ಟಿದ್ದಾರೆ."